ಕಿವಿಗೆ ಕರೆಂಟ್ ಕೊಟ್ಟರೆ ಮಿದುಳು ಚೇತರಿಸಿಕೊಂಡೀತೆ?

ಕಿವಿಯೊಳಗೆ ಕಡ್ಡಿ ಆಡಿಸಿದ ಕೂಡಲೇ ಕೆಲವರಿಗೆ ಒಣಕೆಮ್ಮು ಬರುತ್ತದೆ. ಕಿವಿಗೂ ಗಂಟಲಿಗೂ ಎಲ್ಲಿಯ ನಂಟು? ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಹತ್ತನೆಯದು ವೇಗಸ್ ನರ. ಕುತ್ತಿಗೆಯ ಎರಡೂ ಪಕ್ಕದಲ್ಲಿ ಕೆಳಗಿಳಿದು ಧ್ವನಿಪೆಟ್ಟಿಗೆ, ಹೃದಯ, ಪುಪ್ಪುಸ, ಜಠರ, ಕರುಳಿನ ತನಕ ಅದು ಹೋಗುತ್ತದೆ. ಅದರದೊಂದು ಸಣ್ಣ ಕವಲು ಪಕ್ಕಕ್ಕೆ ತಿರುಗಿ ಕಿವಿಯ ಚರ್ಮಕ್ಕೆ ಬಂದು ಸೇರುತ್ತದೆ. ಕಡ್ಡಿ ತಾಗಿದ್ದು ಕಿವಿಗೆ. ಮಿದುಳು ಅದನ್ನು ಗಂಟಲಿನ ಕಿರಿಕಿರಿ ಎಂದು ತಿಳಿದು ಕೆಮ್ಮಿಸುತ್ತದೆ.

ಈ ಕವಲನ್ನೇ ಹಿಡಿದು, ಕಿವಿಗೆ ಸಿಕ್ಕಿಸಿದ ಕ್ಲಿಪ್ಪಿನಿಂದ ಅತಿ ಸಣ್ಣ ವಿದ್ಯುತ್ ಹರಿಸಿ, ಮಿದುಳಿನಲ್ಲಿ ರಕ್ತಸ್ರಾವ ಆದವರ ಚೇತರಿಕೆಗೆ ನೆರವಾಗಬಹುದೇ ಎಂದು ವೈದ್ಯರು ಪರೀಕ್ಷಿಸುತ್ತಿದ್ದಾರೆ. ಇಂಥ ಸುದ್ದಿ ಮೊಬೈಲಿಗೆ ಬಂದು ತಲುಪುವ ಹೊತ್ತಿಗೆ "ಪರೀಕ್ಷಿಸುತ್ತಿದ್ದಾರೆ" ಎನ್ನುವುದು ಉದುರಿಹೋಗಿ "ವಾಸಿಯಾಗುತ್ತದೆ" ಆಗಿರುತ್ತದೆ. ಗದಗಿನಿಂದಲೋ ಹಾವೇರಿಯಿಂದಲೋ ರೋಗಿಯನ್ನು ಕರೆತಂದು ಹುಬ್ಬಳ್ಳಿಯ ಐಸಿಯು ಹೊರಗೆ ಚಾಪೆ ಹಾಸಿ ಕೂತ ಮನೆಯವರು "ಕಿವಿಗೆ ಕರೆಂಟ್ ಕೊಟ್ಟರ ಲಗೂನ ಹುಷಾರ್ ಆಗ್ತಾರಂತಲ್ರಿ ಡಾಕ್ಟ್ರ, ಖರೇನ್ರಿ?" ಎಂದು ಕೇಳಿದರೆ ಅದು ಅವರ ತಪ್ಪಲ್ಲ. ಆದರೆ ಆ ಪ್ರಶ್ನೆಗೆ ಹೌದು-ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡಲಾಗದು. ಏಕೆಂದರೆ ಈ ಸುದ್ದಿಯಲ್ಲಿ ಎರಡು ಬೇರೆ ಬೇರೆ ಚಿಕಿತ್ಸೆಗಳು ಕಲಸಿಹೋಗಿವೆ. ನರ ಒಂದೇ. ಒಂದನ್ನು ಕೊಡುವುದು ರಕ್ತಸ್ರಾವವಾದ ಮೊದಲ ದಿನಗಳಲ್ಲಿ, ಐಸಿಯು ಒಳಗೆ. ಇನ್ನೊಂದು ತಿಂಗಳುಗಳ ನಂತರ, ಕೈ ಎತ್ತಲು ಒದ್ದಾಡುವವರಿಗೆ. ಇವು ಕೆಲಸ ಮಾಡುವ ರೀತಿಯೂ ಬೇರೆ, ಇವಕ್ಕಿರುವ ಪುರಾವೆಯ ತೂಕವೂ ಬೇರೆ.

ಯಾವ ರಕ್ತಸ್ರಾವ ಎಂಬುದು ಮೊದಲ ಪ್ರಶ್ನೆ

ನಮ್ಮ ಕಡೆ ಮಾತಿನಲ್ಲಿ ಎಲ್ಲವೂ "ಲಕ್ವಾ". ಸ್ವಲ್ಪ ಓದಿದವರಾದರೆ "ಬ್ರೇನ್ ಹೆಮರೇಜ್". ಲಕ್ವಾ ಹೊಡೆಯುವ ಪ್ರಕರಣಗಳಲ್ಲಿ ಹೆಚ್ಚಿನವು ರಕ್ತನಾಳ ಒಡೆದು ಬರುವಂಥವಲ್ಲ, ರಕ್ತನಾಳ ಕಟ್ಟಿಕೊಂಡು ಬರುವಂಥವು. ರಕ್ತ ಒಡೆಯುವುದರಲ್ಲಿಯೂ ಮುಖ್ಯವಾಗಿ ಎರಡು ಬಗೆ ಇವೆ.

ಒಂದು, ಮಿದುಳಿನ ಒಳಗೇ ಒಡೆಯುವುದು. ವರ್ಷಗಟ್ಟಲೆ ಬಿಪಿ ಏರಿಯೇ ಇದ್ದು, ಗುಳಿಗೆ ತಗೊಂಡರೂ ನಡುನಡುವೆ ಬಿಟ್ಟು, ಆಳದಲ್ಲಿರುವ ಕೂದಲೆಳೆಯಂಥ ನಾಳಗಳು ಸವೆದು ಒಂದು ದಿನ ಬಿರಿಯುತ್ತವೆ. ಅರ್ಧ ದೇಹ ಸೋಲುತ್ತದೆ, ಬಾಯಿ ಒಂದು ಕಡೆ ವಾಲುತ್ತದೆ. ನಮ್ಮ ಆಸ್ಪತ್ರೆಗಳು ಹೆಚ್ಚಾಗಿ ನೋಡುವ ರಕ್ತಸ್ರಾವ ಇದೇ.

ಇನ್ನೊಂದು, ಮಿದುಳನ್ನು ಸುತ್ತಿರುವ ಪೊರೆಗಳ ನಡುವಿನ ನೀರಿನ ಜಾಗದಲ್ಲಿ ರಕ್ತ ತುಂಬಿಕೊಳ್ಳುವುದು. ವೈದ್ಯರು ಇದನ್ನು ಸಬ್‌ಅರಕ್ನಾಯ್ಡ್ ಹೆಮರೇಜ್, ಚಿಕ್ಕದಾಗಿ ಎಸ್‌ಎಎಚ್ ಎನ್ನುತ್ತಾರೆ. ಪೆಟ್ಟು ಬಿದ್ದು ಆದದ್ದನ್ನು ಬಿಟ್ಟರೆ, ನೂರರಲ್ಲಿ ಸುಮಾರು 85 ಪ್ರಕರಣಗಳಿಗೆ ಕಾರಣ ಮಿದುಳಿನ ಬುಡದ ದೊಡ್ಡ ರಕ್ತನಾಳದ ಕವಲಿನಲ್ಲಿ ಉಬ್ಬಿಕೊಂಡ ಒಂದು ಗುಳ್ಳೆ, ಅಂದರೆ ಅನ್ಯೂರಿಸಂ. ಅದು ಒಡೆದಾಗ ಕೈಕಾಲು ಸೋಲಲೇಬೇಕೆಂದಿಲ್ಲ. ಕ್ಷಣಾರ್ಧದಲ್ಲಿ, ಜೀವಮಾನದಲ್ಲಿ ಎಂದೂ ಕಾಣದಂಥ ತಲೆನೋವು ಅದರ ಗುರುತು. ಜೊತೆಗೆ ವಾಂತಿ, ಕುತ್ತಿಗೆ ಬಿಗಿತ, ಕೆಲವರಿಗೆ ಪ್ರಜ್ಞೆ ತಪ್ಪುವುದು. ಕೈಕಾಲು ಚೆನ್ನಾಗಿಯೇ ಆಡುತ್ತಿರುವುದರಿಂದ "ಪಿತ್ತ ಏರೈತಿ, ಮಲಕೋ" ಎಂದು ಒಂದು ದಿನ ಕಳೆಯುವವರಿದ್ದಾರೆ. ಒಡೆದ ಗುಳ್ಳೆ ಮತ್ತೊಮ್ಮೆ ಒಡೆಯುವ ಅಪಾಯ ಅತಿ ಹೆಚ್ಚು ಇರುವುದು ಆ ಮೊದಲ ದಿನವೇ.

ಎಲ್ಲ ಬಗೆಯ ಲಕ್ವಾಗಳಲ್ಲಿ ಎಸ್‌ಎಎಚ್ ಪಾಲು ನೂರಕ್ಕೆ ಐದರಷ್ಟು. ಕಡಿಮೆ ಎನಿಸಬಹುದು. ಆದರೆ ಇದು ಉಳಿದವುಗಳಿಗಿಂತ ಚಿಕ್ಕ ವಯಸ್ಸಿನಲ್ಲಿ, ದುಡಿಯುವ ಐವತ್ತರ ಆಸುಪಾಸಿನಲ್ಲಿ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಬರುತ್ತದೆ. ಕಿವಿಯ ಕರೆಂಟಿನ ಪ್ರಯೋಗದ ಸುದ್ದಿ ಇದಕ್ಕೆ ಸಂಬಂಧಿಸಿದ್ದು. ಬಿಪಿಯಿಂದ ಮಿದುಳಿನೊಳಗೆ ಒಡೆದ ರಕ್ತಕ್ಕೆ ಅದರ ಫಲಿತಾಂಶವನ್ನು ತಂದು ಅಂಟಿಸುವಂತಿಲ್ಲ.

ಗುಳ್ಳೆ ಮುಚ್ಚಿದ ಮೇಲೂ ಮುಗಿಯದ ಕಂಟಕ

ಗುಳ್ಳೆಯನ್ನು ಮುಚ್ಚಲು ಎರಡು ದಾರಿ. ತಲೆಬುರುಡೆ ತೆರೆದು ಗುಳ್ಳೆಯ ಕುತ್ತಿಗೆಗೆ ಲೋಹದ ಕ್ಲಿಪ್ ಹಾಕುವುದು ಹಳೆಯದು. ತೊಡೆಸಂದಿಯ ರಕ್ತನಾಳದಿಂದ ತಂತಿ ತೂರಿಸಿ, ಮಿದುಳಿನ ತನಕ ಒಯ್ದು, ಗುಳ್ಳೆಯೊಳಗೆ ಸುರುಳಿ ತುಂಬುವುದು ಹೊಸದು. ಅದಕ್ಕೆ ಕಾಯಿಲಿಂಗ್ ಎನ್ನುತ್ತಾರೆ. 2002ರಲ್ಲಿ ಬಂದ ಐಸ್ಯಾಟ್ ಎಂಬ ಪ್ರಯೋಗ 2,143 ರೋಗಿಗಳಲ್ಲಿ ಎರಡನ್ನೂ ಹೋಲಿಸಿ, ಎರಡೂ ಮಾಡಬಹುದಾದಂಥ ಗುಳ್ಳೆಗಳಲ್ಲಿ ಕಾಯಿಲಿಂಗ್ ಆದವರ ಒಂದು ವರ್ಷದ ಸ್ಥಿತಿ ಮೇಲು ಎಂದು ತೋರಿಸಿತು.

ಆಪರೇಷನ್ ಆಯಿತು, ಗುಳ್ಳೆ ಮುಚ್ಚಿತು, ರೋಗಿ ಕಣ್ಣು ಬಿಟ್ಟು ಮಾತಾಡಿದರು. ಮನೆಯವರು ಊರಿಗೆ ಫೋನ್ ಮಾಡಿ "ಗಂಡಾಂತರ ಪಾರಾತು" ಎನ್ನುತ್ತಾರೆ. ವೈದ್ಯರು ಮಾತ್ರ ಹಾಗೆನ್ನುವುದಿಲ್ಲ. ನಾಲ್ಕನೆಯ ದಿನದಿಂದ ಸುಮಾರು ಹದಿನಾಲ್ಕನೆಯ ದಿನದವರೆಗೆ ಇನ್ನೊಂದು ಕಂಟಕ ಕಾದಿರುತ್ತದೆ. ಮಿದುಳಿನ ಸುತ್ತ ಚೆಲ್ಲಿದ ರಕ್ತ ಒಂದೆರಡು ದಿನಕ್ಕೆ ಕರಗುವುದಿಲ್ಲ. ಕೆಂಪು ಕಣಗಳು ಒಡೆದು ಹಿಮೋಗ್ಲೋಬಿನ್ ಹೊರಬೀಳುತ್ತದೆ. ಅದು ರಕ್ತನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಹೀರಿಕೊಳ್ಳುತ್ತದೆ. ನಾಳಗಳು ಬಿಗಿದು ಸಣ್ಣಗಾಗುತ್ತವೆ. ಇದಕ್ಕೆ ವೇಸೋಸ್ಪಾಸಂ ಎನ್ನುತ್ತಾರೆ. ಮೂವರಲ್ಲಿ ಇಬ್ಬರ ತನಕ ಆಂಜಿಯೋಗ್ರಾಮಿನಲ್ಲಿ ಈ ಬಿಗಿತ ಕಾಣಿಸಬಹುದು. ಅದರ ಪೆಟ್ಟು ಮಿದುಳಿಗೆ ತಟ್ಟಿ ಹೊಸದಾಗಿ ಸೊಲ್ಲು ಹೋಗುವುದು, ಕೈ ಸೋಲುವುದು, ಮಂಪರು ಬರುವುದು ಹೆಚ್ಚು ಕಡಿಮೆ ಮೂವರಲ್ಲಿ ಒಬ್ಬರಿಗೆ. ಮೊನ್ನೆ ಹೆಸರು ಹಿಡಿದು ಕರೆದವರು ಇಂದು ಕರೆದರೆ ಓಗೊಡದಂತಾಗುವುದು ಹೀಗೆ.

ಈ ಅವಧಿಗೆ ಸದ್ಯ ಸಾಬೀತಾದ ಔಷಧಿ ಒಂದೇ, ನಿಮೊಡಿಪಿನ್. 1980ರ ದಶಕದ ಪ್ರಯೋಗಗಳಿಂದ ಬಂದದ್ದು. ರೂಢಿಯ ಪ್ರಮಾಣ 60 ಮಿಲಿಗ್ರಾಂ, ನಾಲ್ಕು ತಾಸಿಗೊಮ್ಮೆ, 21 ದಿನ. ಅಂದರೆ ನಡುರಾತ್ರಿಯೂ ಎಬ್ಬಿಸಿ ಕೊಡಬೇಕು. ಬಿಪಿ ತೀರ ಇಳಿದರೆ ವೈದ್ಯರು ಅದನ್ನೇ ಒಡೆದು ಎರಡು ತಾಸಿಗೊಮ್ಮೆ ಕೊಡಿಸುತ್ತಾರೆ. ಹದಿನೈದನೆಯ ದಿನ ಡಿಸ್ಚಾರ್ಜ್ ಆಗಿ ಊರಿಗೆ ಹೋದವರು "ಈಗೇನು ಆರಾಮ ಅದಾರ" ಎಂದು ಉಳಿದ ಆರು ದಿನದ ಗುಳಿಗೆ ತಪ್ಪಿಸುವುದು ಅಪಾಯ. ಕಿವಿಗೆ ಹಾಕುವ ಹೊಸ ಕ್ಲಿಪ್ಪಿನ ಬಗ್ಗೆ ವಿಚಾರಿಸುವ ಮೊದಲು, ಹಳೆಯ ಈ ಗುಳಿಗೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳುತ್ತಿದೆಯೇ ಎಂದು ನೋಡಿಕೊಳ್ಳುವುದು ಹೆಚ್ಚು ಉಪಯೋಗದ ಕೆಲಸ ಎಂದು ನನ್ನ ಲೆಕ್ಕ.

ಇಲ್ಲಿ ಒಂದು ತಿರುವಿದೆ. ನಾಳ ಬಿಗಿಯುವುದೇ ಎಲ್ಲದರ ಮೂಲ ಎಂದು ಬಹಳ ಕಾಲ ನಂಬಿದ್ದರು. ಕ್ಲಾಜೊಸೆಂಟಾನ್ ಎಂಬ ಔಷಧಿ ಆ ಬಿಗಿತವನ್ನು ಚೆನ್ನಾಗಿಯೇ ಸಡಿಲಿಸಿತು. ಆದರೆ 2011ರಲ್ಲಿ ಸಾವಿರಕ್ಕೂ ಮಿಕ್ಕಿ ರೋಗಿಗಳ ದೊಡ್ಡ ಪ್ರಯೋಗ ಮುಗಿದಾಗ, ಅದನ್ನು ತಗೊಂಡವರು ಬೇರೆಯವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿರಲಿಲ್ಲ. ನಾಳ ಸರಿಹೋದರೂ ಮನುಷ್ಯ ಸರಿಹೋಗಲಿಲ್ಲ ಎಂದರೆ ಹಾನಿಗೆ ಬೇರೆ ಕಾರಣವೂ ಇರಬೇಕು. ಸಂಶೋಧಕರ ಕಣ್ಣು ಉರಿಯೂತದ, ಅಂದರೆ ಗಾಯವಾದಲ್ಲಿ ರಕ್ಷಕ ಕೋಶಗಳು ಕೆರಳುವುದರ ಕಡೆ ತಿರುಗಿದ್ದಕ್ಕೆ ಇದೂ ಒಂದು ಕಾರಣ.

ನರವೊಂದು ಉರಿಯೂತವನ್ನು ತಗ್ಗಿಸುವ ಬಗೆ

ಚೆಲ್ಲಿದ ರಕ್ತವನ್ನು ಮಿದುಳು ಪರಕೀಯ ವಸ್ತುವಿನಂತೆ ಕಾಣುತ್ತದೆ. ಅಲ್ಲಿನ ರಕ್ಷಕ ಕೋಶಗಳು ಕೆರಳಿ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನುಗಳನ್ನು ಸುರಿಸುತ್ತವೆ. ಗಾಯ ಮಾಯಲು ಇವು ಬೇಕು. ಅತಿಯಾದರೆ ಸುತ್ತಲಿನ ಆರೋಗ್ಯವಂತ ಭಾಗಕ್ಕೂ ಪೆಟ್ಟು. ಸ್ಟಿರಾಯ್ಡ್ ಕೊಟ್ಟು ಇಡೀ ದೇಹದ ಪ್ರತಿರೋಧವನ್ನು ಕುಗ್ಗಿಸಿದರೆ ಐಸಿಯುದಲ್ಲಿ ಸೋಂಕಿನ ಭಯ. ಹಾಗಾದರೆ ಅತಿಯಾದದ್ದನ್ನಷ್ಟೇ ತಗ್ಗಿಸುವ ದಾರಿ ಇದೆಯೇ?

ಆ ದಾರಿಯ ಸುಳಿವು ಸಿಕ್ಕಿದ್ದು ಬೇರೆ ಕಡೆಯಿಂದ. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯಕ್ಕೆ ಹೋಗುವ ವೇಗಸ್ ನರವನ್ನು ಕೆರಳಿಸಿ, ಆ ಹೃದಯವಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ನರ ಮುಟ್ಟದಿದ್ದರೂ ಎರಡನೆಯ ಹೃದಯದ ಬಡಿತವೂ ನಿಧಾನವಾಯಿತು. ನರ ರಾಸಾಯನಿಕದ ಮೂಲಕ ಕೆಲಸ ಮಾಡುತ್ತದೆ ಎಂದು ಗೊತ್ತಾದದ್ದು ಆಗ. ಆ ರಾಸಾಯನಿಕ ಅಸಿಟೈಲ್‌ಕೋಲಿನ್. 1936ರ ನೊಬೆಲ್ ಅವರಿಗೂ ಹೆನ್ರಿ ಡೇಲ್ ಅವರಿಗೂ ಬಂತು. 2000ದಲ್ಲಿ ಅಮೆರಿಕದ ಕೆವಿನ್ ಟ್ರೇಸಿ ಅವರ ತಂಡ ಇಲಿಗಳಲ್ಲಿ ಇದೇ ನರವನ್ನು ವಿದ್ಯುತ್ತಿನಿಂದ ಕೆರಳಿಸಿ, ಬ್ಯಾಕ್ಟೀರಿಯಾದ ವಿಷ ಕೊಟ್ಟಾಗಲೂ ಟಿಎನ್‌ಎಫ್ ಏರುವುದು ತಗ್ಗುತ್ತದೆ ಎಂದು ತೋರಿಸಿತು. ಮುಂದಿನ ವರ್ಷಗಳಲ್ಲಿ ದಾರಿ ಸ್ಪಷ್ಟವಾಯಿತು: ವೇಗಸ್‌ನ ಸಂದೇಶ ಹೊಟ್ಟೆಯ ನರಗಳ ಮೂಲಕ ಗುಲ್ಮಕ್ಕೆ (ಸ್ಪ್ಲೀನ್) ಮುಟ್ಟುತ್ತದೆ, ಅಲ್ಲಿನ ಕೆಲವು ಬಿಳಿ ಕಣಗಳು ಅಸಿಟೈಲ್‌ಕೋಲಿನ್ ಬಿಡುತ್ತವೆ, ಅದು ತಾಗಿದ ಕೋಶಗಳು ಟಿಎನ್‌ಎಫ್ ಸುರಿಸುವುದನ್ನು ಕಡಿಮೆ ಮಾಡುತ್ತವೆ. ಇದು ಬರೀ ಪ್ರಯೋಗಾಲಯದ ಕತೆಯಾಗಿ ಉಳಿದಿಲ್ಲ. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ರುಮಟಾಯ್ಡ್ ಸಂಧಿವಾತಕ್ಕೆ, ಕುತ್ತಿಗೆಯಲ್ಲಿ ಇಡುವ ಇಂಥ ಉಪಕರಣವೊಂದಕ್ಕೆ ಒಪ್ಪಿಗೆ ಕೊಟ್ಟಿತು.

ಇಷ್ಟು ಗೊತ್ತಿದ್ದ ಮೇಲೆ ಎಸ್‌ಎಎಚ್‌ನಲ್ಲಿ ಪ್ರಯತ್ನಿಸುವುದು ಸಹಜ. ತಲೆಗೆ ಆಗಲೇ ಒಂದು ಆಪರೇಷನ್ ಆದವರಿಗೆ ಕುತ್ತಿಗೆ ಕೊಯ್ದು ಇನ್ನೊಂದು ಯಂತ್ರ ಇಡಲಾಗದು. ಆದ್ದರಿಂದ ಕಿವಿ.

ಸೇಂಟ್ ಲೂಯಿಸ್‌ನ 27 ಜನ

ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ನರಶಸ್ತ್ರತಜ್ಞರು ಎಸ್‌ಎಎಚ್ ಆಗಿ ಬಂದ 27 ರೋಗಿಗಳನ್ನು ಎರಡು ಗುಂಪು ಮಾಡಿದರು. ಎಲ್ಲರ ಎಡಗಿವಿಗೂ ಕ್ಲಿಪ್. ದಿನಕ್ಕೆ ಎರಡು ಸಲ, ಸಲಕ್ಕೆ 20 ನಿಮಿಷ. ಒಂದು ಗುಂಪಿಗೆ 0.4 ಮಿಲಿಆಂಪಿಯರ್ ವಿದ್ಯುತ್, ಸೆಕೆಂಡಿಗೆ 20 ಮಿಡಿತ. ಇನ್ನೊಂದು ಗುಂಪಿಗೆ ಕ್ಲಿಪ್ ಇದೆ, ಕರೆಂಟ್ ಇಲ್ಲ. ಎಡಗಿವಿಯೇ ಏಕೆ ಎಂದರೆ ಹೃದಯದ ಬಡಿತ ಹುಟ್ಟುವ ಜಾಗಕ್ಕೆ ಹೆಚ್ಚಾಗಿ ಹೋಗುವುದು ಬಲಗಡೆಯ ವೇಗಸ್. ಲೋವಿಯವರ ಕಪ್ಪೆಗೆ ಆದದ್ದು ರೋಗಿಗೆ ಆಗಬಾರದು. ಉಳಿದ ಚಿಕಿತ್ಸೆ ಇಬ್ಬರಿಗೂ ಒಂದೇ.

ಕರೆಂಟ್ ಪಡೆದವರ ರಕ್ತದಲ್ಲೂ ಮಿದುಳಿನ ಸುತ್ತಲಿನ ನೀರಿನಲ್ಲೂ ಟಿಎನ್‌ಎಫ್-ಆಲ್ಫಾ ಮತ್ತು ಇಂಟರ್‌ಲ್ಯೂಕಿನ್-6 ಕೆಲವು ದಿನಗಳಂದು ಅಳೆದಾಗ ಕಡಿಮೆ ಇದ್ದವು. ಸ್ಕ್ಯಾನಿನಲ್ಲಿ ಕಾಣುವ ನಾಳದ ಬಿಗಿತವೂ ಕಡಿಮೆ. ಆ ಗುಂಪಿನವರ ಚೇತರಿಕೆಯೂ ಮೇಲಾಗಿ ಕಂಡಿತು. ಕರೆಂಟಿನಿಂದ ಗಂಭೀರ ಅಡ್ಡ ಪರಿಣಾಮ ಯಾರಿಗೂ ಕಾಣಲಿಲ್ಲ.

ಓದಿದರೆ ಖುಷಿಯಾಗುತ್ತದೆ. ನನಗೂ ಆಯಿತು. ಆದರೆ ಈ ಫಲಿತಾಂಶವನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ನಮ್ಮ ಭಾಗದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೊಲದಲ್ಲಿ ಹೊಸ ತಳಿಯ ತಾಕಿನ ಪಕ್ಕ ಹಳೆಯ ತಳಿಯ ತಾಕು ಇರುವುದನ್ನು ಕೃಷಿ ಮೇಳಕ್ಕೆ ಹೋದವರೆಲ್ಲ ನೋಡಿದ್ದಾರೆ. ಮಳೆ ಅದೇ, ಗೊಬ್ಬರ ಅದೇ, ಬಿತ್ತಿದ ವಾರ ಅದೇ. ಯಾವ ತಾಕಿಗೆ ಯಾವ ಬೀಜ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ, ಇಲ್ಲದಿದ್ದರೆ ಒಳ್ಳೆಯ ನೆಲವನ್ನೆಲ್ಲ ತನ್ನ ಮೆಚ್ಚಿನ ಬೀಜಕ್ಕೆ ಕೊಡುವ ಆಸೆ ಯಾರಿಗೂ ಬಂದೀತು. ರೋಗಿಗಳ ಮೇಲಿನ ಪ್ರಯೋಗಕ್ಕೆ ಈ ಕ್ರಮ ಬಂದದ್ದೂ ಹೊಲದಿಂದಲೇ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಷರ್ ಇದನ್ನು ಶಾಸ್ತ್ರವಾಗಿಸಿದರು. ಮತ್ತೆ, ಎರಡು ತಾಕು ನೋಡಿ ಯಾವ ರೈತನೂ ಇಡೀ ಹೊಲಕ್ಕೆ ಹೊಸ ಬೀಜ ಬಿತ್ತುವುದಿಲ್ಲ.

27 ಜನರನ್ನು ಅರ್ಧರ್ಧ ಮಾಡಿದರೆ ಒಂದು ಗುಂಪಿಗೆ ಹದಿಮೂರೋ ಹದಿನಾಲ್ಕೋ. ಅಲ್ಲಿ ಒಬ್ಬರ ಸ್ಥಿತಿ ಬದಲಾದರೆ ನೂರಕ್ಕೆ ಏಳೆಂಟರಷ್ಟು ಲೆಕ್ಕ ಬದಲಾಗುತ್ತದೆ. ಚೀಟಿ ಎತ್ತಿದರೂ ಇಷ್ಟು ಸಣ್ಣ ಗುಂಪಿನಲ್ಲಿ ಹಗುರ ರಕ್ತಸ್ರಾವದವರು ಒಂದು ಕಡೆ ಹೆಚ್ಚು ಬಿದ್ದಿರಬಹುದು. ಒಂದೇ ಆಸ್ಪತ್ರೆ ಬೇರೆ.

ಈ ಅನುಮಾನ ಸುಮ್ಮನೆ ಬಂದದ್ದಲ್ಲ. ಎಸ್‌ಎಎಚ್‌ನ ಚರಿತ್ರೆಯೇ ಹಾಗಿದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ನೋಡಿ. 2005ರಲ್ಲಿ ಎರಡು ಸಣ್ಣ ಪ್ರಯೋಗಗಳು ಅದು ನಾಳದ ಬಿಗಿತ ಕಡಿಮೆ ಮಾಡುತ್ತದೆ ಎಂದವು. ಗುಳಿಗೆ ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಉರಿಯೂತ ತಗ್ಗಿಸುತ್ತದೆ ಎಂಬ ಕಾರಣವೂ ಕೇಳಲು ಸರಿಯಾಗಿತ್ತು. ಅನೇಕ ಕಡೆ ಕೊಡಲು ಶುರುಮಾಡಿದರು. 2014ರಲ್ಲಿ 803 ರೋಗಿಗಳ ಸ್ಟ್ಯಾಶ್ ಪ್ರಯೋಗ ಮುಗಿದಾಗ ಗುಳಿಗೆ ತಗೊಂಡವರಿಗೂ ತಗೊಳ್ಳದವರಿಗೂ ವ್ಯತ್ಯಾಸ ಸಿಗಲಿಲ್ಲ. ಮೆಗ್ನೀಸಿಯಂ ಕತೆಯೂ ಅದೇ. 2012ರಲ್ಲಿ 1,204 ರೋಗಿಗಳ ಪ್ರಯೋಗ ಅದನ್ನು ಕೈಬಿಡಿಸಿತು. ಕಿವಿಯ ಕರೆಂಟ್ ಇಂದು ನಿಂತಿರುವುದು 2005ರಲ್ಲಿ ಸ್ಟ್ಯಾಟಿನ್ ನಿಂತಿದ್ದ ಮೆಟ್ಟಿಲಿನ ಮೇಲೆ. ಮುಂದೆ ಗೆಲ್ಲಲೂಬಹುದು. ನೂರಾರು ರೋಗಿಗಳಲ್ಲಿ, ಹಲವು ಆಸ್ಪತ್ರೆಗಳಲ್ಲಿ, ರಕ್ತದಲ್ಲಿನ ಪ್ರೋಟೀನನ್ನಲ್ಲದೆ ಆರು ತಿಂಗಳ ನಂತರ ಆ ಮನುಷ್ಯ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾನೆಯೇ ಎಂಬುದನ್ನು ಅಳೆಯುವವರೆಗೆ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ನಮ್ಮ ಹಿರಿಯರು ಕಿವಿ ಚುಚ್ಚಿಸುತ್ತಿದ್ದುದು ಇದೇ ನರಕ್ಕಾಗಿ ಎಂಬ ಸಂದೇಶಗಳು ತಿರುಗುತ್ತಿವೆ. ಓಲೆ ಹಾಕುವ ಹಾಲೆಗೆ ಬರುವುದು ಕುತ್ತಿಗೆಯ ಬೆನ್ನುಹುರಿಯಿಂದ ಹೊರಟ ಬೇರೆ ನರ. ವೇಗಸ್ ಕವಲು ಇರುವುದು ಕಿವಿಯ ಬಟ್ಟಲಿನ ಒಳಗೆ, ರಂಧ್ರದ ಮೇಲ್ಭಾಗದ ತಗ್ಗಿನಲ್ಲಿ. ಎಷ್ಟು ಬೇರೆ ಎಂದರೆ, ವೇಗಸ್ ಪ್ರಯೋಗಗಳಲ್ಲಿ ಸುಳ್ಳು ಚಿಕಿತ್ಸೆ ಕೊಡಬೇಕಾದಾಗ ಹಲವು ತಂಡಗಳು ಕ್ಲಿಪ್ಪನ್ನು ಹಾಲೆಗೇ ಹಾಕುತ್ತವೆ. ಆನ್‌ಲೈನಿನಲ್ಲಿ ಸಿಗುವ ಕಿವಿಯ ಕ್ಲಿಪ್ ಯಂತ್ರ ತರಿಸಿ ಆಸ್ಪತ್ರೆಯಿಂದ ಬಂದ ರೋಗಿಗೆ ಹಚ್ಚುವವರಿಗೂ ಇದೇ ಮಾತು: ಬೇಡ. ಹೃದಯಬಡಿತದ ಮೇಲೆ ಕಣ್ಣಿಟ್ಟ ಐಸಿಯುದಲ್ಲಿ ಮಾಡಿದ್ದನ್ನು ಮನೆಯ ಮಂಚದ ಮೇಲೆ ಮಾಡುವಂತಿಲ್ಲ.

ಕೈಗೆ ಬಲ ಬರಿಸುವ ಇನ್ನೊಂದು ಚಿಕಿತ್ಸೆ

ಸುದ್ದಿಯಲ್ಲಿ ಕಲಸಿಹೋಗಿರುವ ಎರಡನೆಯದು ಇದು. ಇಲ್ಲಿ ಪುರಾವೆ ಗಟ್ಟಿ, ಆದರೆ ಚಿಕಿತ್ಸೆಯೇ ಬೇರೆ. ಎಡಗಡೆ ಕುತ್ತಿಗೆಯ ವೇಗಸ್ ನರಕ್ಕೆ ತಂತಿ ಸುತ್ತಿ, ಎದೆಯ ಚರ್ಮದಡಿ ಪೇಸ್‌ಮೇಕರಿನಂಥ ಡಬ್ಬಿ ಇಡುತ್ತಾರೆ. ಅಪಸ್ಮಾರಕ್ಕೆ ಇಂಥ ಉಪಕರಣವನ್ನು ಅಮೆರಿಕ 1997ರಲ್ಲೇ ಒಪ್ಪಿತ್ತು. ಲಕ್ವಾಕ್ಕೆ ಬಳಸುವಾಗ ಅದು ತಾನಾಗಿ ಮಿಡಿಯುತ್ತ ಇರುವುದಿಲ್ಲ. ರೋಗಿ ಲೋಟ ಎತ್ತಲು ಕೈ ಚಾಚಿದಾಗ, ಸರಿಯಾಗಿ ಆ ಗಳಿಗೆಯಲ್ಲಿ ಫಿಸಿಯೋಥೆರಪಿಸ್ಟ್ ಗುಂಡಿ ಒತ್ತುತ್ತಾರೆ. ಅರ್ಧ ಸೆಕೆಂಡಿನ ಒಂದು ಮಿಡಿತ. ಆ ಮಿಡಿತ ಮಿದುಳಿನ ಕಾಂಡಕ್ಕೆ ಮುಟ್ಟಿ, ಅದರಿಂದಾಗಿ ನೋರ್‌ಅಡ್ರಿನಲಿನ್, ಅಸಿಟೈಲ್‌ಕೋಲಿನ್‌ನಂಥ ರಾಸಾಯನಿಕಗಳು ಮಿದುಳಿನ ಮೇಲ್ಪದರಕ್ಕೆ ಹರಡುತ್ತವೆ. ಈಗ ತಾನೇ ನಡೆದ ಚಲನೆಯ ದಾರಿ ಗಟ್ಟಿಯಾಗಲು ಅವು ನೆರವಾಗುತ್ತವೆ. ಇಲ್ಲಿ ಉರಿಯೂತದ ಪ್ರಶ್ನೆ ಇಲ್ಲ, ಕಲಿಕೆಯ ಪ್ರಶ್ನೆ. ಕೈ ಆಡಿಸದೆ ಬರೀ ಕರೆಂಟ್ ಕೊಟ್ಟರೆ ಫಲವಿಲ್ಲ ಎಂಬುದು ಈ ವಿಧಾನದ ತಿರುಳು.

2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಬ್ರಿಟನ್ ಮತ್ತು ಅಮೆರಿಕದ 19 ಕೇಂದ್ರಗಳ 108 ರೋಗಿಗಳಿದ್ದರು. ಎಲ್ಲರಿಗೂ ಉಪಕರಣ ಇಟ್ಟರು, ಅರ್ಧ ಜನರಿಗಷ್ಟೇ ನಿಜವಾದ ಮಿಡಿತ ಕೊಟ್ಟರು. ಆರು ವಾರ, ವಾರಕ್ಕೆ ಮೂರು ಸಲದಂತೆ ಕೇಂದ್ರದಲ್ಲಿ ವ್ಯಾಯಾಮ, ಆಮೇಲೆ ಮನೆಯಲ್ಲಿ. ಮೂರು ತಿಂಗಳ ನಂತರ ಕೈಯ ಚಲನೆಯಲ್ಲಿ ಬದುಕಿಗೆ ಉಪಯೋಗವಾಗುವಷ್ಟು ಸುಧಾರಣೆ ಮಿಡಿತ ಪಡೆದವರಲ್ಲಿ 47 ಶೇಕಡಾ ಜನರಿಗೆ ಆಯಿತು, ಪಡೆಯದವರಲ್ಲಿ 24 ಶೇಕಡಾ ಜನರಿಗೆ. ಅದೇ ವರ್ಷ ಅಮೆರಿಕ ಒಪ್ಪಿಗೆ ಕೊಟ್ಟಿತು. ಆದರೆ ಆ 108 ಜನರೂ ರಕ್ತನಾಳ ಕಟ್ಟಿಕೊಂಡು ಲಕ್ವಾ ಆದವರು, ಅದೂ ಕನಿಷ್ಠ ಒಂಬತ್ತು ತಿಂಗಳ ಹಿಂದೆ. ರಕ್ತ ಒಡೆದವರು ಅದರಲ್ಲಿ ಇರಲಿಲ್ಲ.

ಆ 24 ಶೇಕಡಾವನ್ನು ಯಾರೂ ಗಮನಿಸುವುದಿಲ್ಲ. ಕರೆಂಟ್ ಇಲ್ಲದೆ, ಬರೀ ಹಟ ಹಿಡಿದು ಮಾಡಿದ ವ್ಯಾಯಾಮದಿಂದ, ಲಕ್ವಾ ಆಗಿ ಒಂಬತ್ತು ತಿಂಗಳು ದಾಟಿದ ಮೇಲೂ ನಾಲ್ವರಲ್ಲಿ ಒಬ್ಬರ ಕೈ ಸುಧಾರಿಸಿತು. ಆದದ್ದೆಲ್ಲ ಆರು ತಿಂಗಳೊಳಗೇ ಆಗಬೇಕು, ಆಮೇಲೆ ಏನೂ ಇಲ್ಲ ಎಂದು ಫಿಸಿಯೋಥೆರಪಿ ಬಿಟ್ಟುಕೊಟ್ಟವರು ನಮ್ಮ ಊರುಗಳಲ್ಲಿ ಎಷ್ಟೋ ಜನ. ಕೆಲವರು ಪಾರಿವಾಳದ ರಕ್ತ ಹಚ್ಚಿಸಿಕೊಳ್ಳಲು ಹೋಗಿ ಅದೇ ಹೊತ್ತನ್ನು ಕಳೆಯುತ್ತಾರೆ. ಹಾಗೆಂದು ವ್ಯಾಯಾಮದ ಹೊರೆಯನ್ನೆಲ್ಲ ಮನೆಯವರ ಮೇಲೆ ಹೊರಿಸಿದರೆ ಸಾಕೆಂದೂ ಅಲ್ಲ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದ ಅಟೆಂಡ್ ಪ್ರಯೋಗದಲ್ಲಿ ಮನೆಯವರಿಗೇ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದರು. ಆರು ತಿಂಗಳಿಗೆ ನೋಡಿದರೆ, ಮಾಮೂಲು ಆರೈಕೆ ಪಡೆದವರಿಗಿಂತ ಅವರ ಸ್ಥಿತಿ ಬೇರೆ ಇರಲಿಲ್ಲ. ಫಲಿತಾಂಶ 2017ರಲ್ಲಿ ಬಂತು. ಕೇಳಲು ಎಷ್ಟು ಸರಿ ಎನಿಸುವ ವಿಚಾರವೂ ಅಳೆದು ನೋಡುವ ತನಕ ವಿಚಾರವಷ್ಟೇ.

ಸಹಿ ಹಾಕುವ ಮೊದಲು

ಇಂಥ ಪ್ರಯೋಗ ಒಂದಲ್ಲ ಒಂದು ದಿನ ನಮ್ಮ ಭಾಗದ ದೊಡ್ಡ ಆಸ್ಪತ್ರೆಗಳಿಗೂ ಬರಬಹುದು. ಬಂದರೆ ಒಳ್ಳೆಯದೇ, ಏಕೆಂದರೆ ಅಮೆರಿಕದ ಐಸಿಯುದಲ್ಲಿ ಸಿಕ್ಕ ಉತ್ತರ, ಹಾವೇರಿಯಿಂದ 75 ಕಿಲೋಮೀಟರ್ ದಾಟಿ ಎರಡನೆಯ ದಿನ ಬಂದು ಸೇರುವ ರೋಗಿಗೆ ಹೊಂದಬೇಕೆಂದಿಲ್ಲ. ಆಗ ಎಷ್ಟೋ ಸಲ ಸಹಿಯ ಕಾಗದ ಬರುವುದು ರೋಗಿಯ ಕೈಗಲ್ಲ. ರೋಗಿಗೆ ಪ್ರಜ್ಞೆ ಇಲ್ಲದಿರಬಹುದು. ಹೊರಗೆ ನಿಂತ ಹೆಂಡತಿ, ಮಗ, ಅಣ್ಣತಮ್ಮಂದಿರ ಮುಂದೆ ಬರುತ್ತದೆ. ಎಲ್ಲರೂ ಊರಿನ ಯಾರೋ ಹಿರಿಯರ ಮುಖ ನೋಡುತ್ತಾರೆ, ಅವರು "ಡಾಕ್ಟ್ರು ಹೇಳ್ಯಾರಂದ್ರ ಹಾಕಿಬಿಡವಾ" ಎನ್ನುತ್ತಾರೆ.

ಕಾನೂನು ಇಷ್ಟು ಹಗುರವಾಗಿಲ್ಲ. ಉಪಕರಣಗಳ ಪ್ರಯೋಗಕ್ಕೆ 2017ರ ವೈದ್ಯಕೀಯ ಉಪಕರಣ ನಿಯಮಗಳಿವೆ, ಔಷಧಿಗಳಿಗೆ 2019ರ ನಿಯಮಗಳಿವೆ. ರೋಗಿ ಒಪ್ಪಿಗೆ ಕೊಡಲಾರದ ಸ್ಥಿತಿಯಲ್ಲಿದ್ದರೆ ಕಾನೂನು ಪ್ರಕಾರ ಅವರ ಪರವಾಗಿ ನಿಲ್ಲುವವರು ಕೊಡಬೇಕು. ಅವರಿಗೆ ಓದಲು ಬಾರದಿದ್ದರೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿ ಒಬ್ಬರು ಇಡೀ ಮಾತುಕತೆಗೆ ಹಾಜರಿರಬೇಕು. ಕಾಗದ ಅವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಇಂಗ್ಲಿಷ್ ಕಾಗದ ಮುಂದಿಟ್ಟು "ಇಲ್ಲಿ ಸಹಿ" ಎಂದರೆ "ಕನ್ನಡದಾಗ ಇರೋದು ಕೊಡ್ರಿ" ಎಂದು ಕೇಳುವುದು ಉದ್ಧಟತನವಲ್ಲ. ಪ್ರಯೋಗದಿಂದಲೇ ರೋಗಿಗೆ ಹಾನಿಯಾದರೆ ಚಿಕಿತ್ಸೆಯೂ ಪರಿಹಾರವೂ ಪ್ರಯೋಗ ನಡೆಸುವವರ ಹೊಣೆ.

ನಾನಾದರೆ ಮೊದಲು ಕೇಳುವುದು, ನಮ್ಮವರಿಗೆ ಆಗಿರುವುದು ಯಾವ ಬಗೆಯ ರಕ್ತಸ್ರಾವ, ಈ ಪ್ರಯೋಗ ಅದಕ್ಕೇ ಮಾಡಿದ್ದೇ ಎಂದು. ಆಮೇಲೆ, ನಮ್ಮವರಿಗೆ ಕರೆಂಟ್ ಇಲ್ಲದ ಕ್ಲಿಪ್ ಬರುವ ಸಾಧ್ಯತೆ ಎಷ್ಟು ಎಂದು. ಇದಕ್ಕೆ ಮುಖ ಕೊಟ್ಟು ಉತ್ತರ ಹೇಳುವ ವೈದ್ಯರನ್ನು ನಂಬಬಹುದು. ಸುಳ್ಳು ಕ್ಲಿಪ್ ಮೋಸವಲ್ಲ, ಅದು ಆ ಪಕ್ಕದ ತಾಕು. ಮೊದಲೇ ಹೇಳದಿದ್ದರೆ ಮಾತ್ರ ಮೋಸ. ನಿಮೊಡಿಪಿನ್ ಮತ್ತು ಉಳಿದ ಮಾಮೂಲು ಚಿಕಿತ್ಸೆ ಎರಡೂ ಗುಂಪಿಗೆ ಪೂರ್ತಿ ಸಿಗುತ್ತದೆಯೇ ಎಂಬುದನ್ನೂ ಕೇಳಬೇಕು. ಹೃದಯಬಡಿತ ಮೊದಲೇ ನಿಧಾನ ಇದ್ದರೆ, ಪೇಸ್‌ಮೇಕರ್ ಇದ್ದರೆ ತಾವಾಗಿ ಹೇಳಬೇಕು.

ಹಣದ ಮಾತು ಬಂದರೆ ಎಚ್ಚರ. ಪ್ರಯೋಗದ ಭಾಗವಾದ ಉಪಕರಣಕ್ಕೂ ಪರೀಕ್ಷೆಗಳಿಗೂ ರೋಗಿಯ ಕಡೆಯವರು ದುಡ್ಡು ಕೊಡಬೇಕಾಗಿಲ್ಲ. "ಹೊಸ ಚಿಕಿತ್ಸೆ ಐತಿ, ಇಷ್ಟು ಸಾವಿರ ಆಗ್ತದ" ಎಂದರೆ ಅದು ಪ್ರಯೋಗವಲ್ಲ, ವ್ಯಾಪಾರ. ಭಾರತದಲ್ಲಿ ನಡೆಯುವ ಪ್ರಯೋಗಗಳನ್ನು ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಿಟಿಆರ್‌ಐ ನೋಂದಣಿಯಲ್ಲಿ ದಾಖಲಿಸಬೇಕು. ಅದು ಶುರುವಾದದ್ದು 2007ರಲ್ಲಿ, ಕಡ್ಡಾಯವಾದದ್ದು 2009ರ ಜೂನ್‌ನಿಂದ. ನೋಂದಣಿ ಸಂಖ್ಯೆ ಕೇಳಿ, ಮನೆಯ ಹುಡುಗರು ಯಾರಾದರೂ ಮೊಬೈಲಿನಲ್ಲೇ ಅದನ್ನು ಹುಡುಕಬಹುದು. ಯಾರು ನಡೆಸುತ್ತಿದ್ದಾರೆ, ಎಷ್ಟು ರೋಗಿಗಳು, ಏನನ್ನು ಅಳೆಯುತ್ತಾರೆ ಎಲ್ಲವೂ ಅಲ್ಲಿರುತ್ತದೆ. ಒಪ್ಪಿಗೆ ಇಲ್ಲ ಎಂದರೂ ರೋಗಿಯ ಚಿಕಿತ್ಸೆ ಬದಲಾಗುವಂತಿಲ್ಲ. ಸೇರಿದ ಮೇಲೆ ನಡುವೆ ಹೊರಬರಲೂ ಬಹುದು, ಕಾರಣ ಹೇಳಬೇಕಾಗಿಲ್ಲ. ರೋಗಿಗೆ ಪ್ರಜ್ಞೆ ಮರಳಿದಾಗ ಅವರನ್ನೇ ಮತ್ತೊಮ್ಮೆ ಕೇಳಬೇಕು. ಕ್ಲಿಪ್ ಇರುವುದು ಅವರ ಕಿವಿಯಲ್ಲಿ.